ಜಿಂಕೆ ಬೇಟೆಗೆ ಸೆಮಿ-ಆಟೊಮ್ಯಾಟಿಕ್ ರೈಫಲ್: ಸದ್ದಿಲ್ಲದೆ, ಸುರಕ್ಷಿತವಾಗಿ ಚೇಂಬರ್‌ಗೆ ತೋಟಾ ಕೂರಿಸುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಮಿಶಿಗನ್‌ನಲ್ಲಿ ನವೆಂಬರ್ 15 ಅಂದರೆ ಒಂದು ಥರ ಹಬ್ಬ. ಅಂದು ಬಂದೂಕಿನ ಜಿಂಕೆ ಸೀಸನ್ ಶುರುವಾಗುತ್ತದೆ. ಇಲ್ಲಿ ನೆಲೆಸಿರುವ ಕನ್ನಡದವರಲ್ಲಿ ಬೇಟೆಗೆ ಹೋಗುವವರು ಕಡಿಮೆ, ಆದರೆ ಇದ್ದಾರೆ. ಅದರಲ್ಲೂ ಕೊಡಗು, ಮಲೆನಾಡಿನ ಕಡೆಯವರು ಜಾಸ್ತಿ. ಅವರು ನನ್ನನ್ನು ಕೇಳುತ್ತಲೇ ಇರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಇದು ಹಂಟರ್ ಎಜುಕೇಶನ್ ತರಗತಿಗೆ ಬದಲಿ ಅಲ್ಲ. ನಿಮ್ಮ ರೈಫಲ್ ಜೊತೆ ಬಂದ ಕೈಪಿಡಿಗೂ ಬದಲಿ ಅಲ್ಲ. ಕೈಪಿಡಿ ಒಂದು ಹೇಳಿ ನಾನು ಇನ್ನೊಂದು ಹೇಳಿದ್ದರೆ ಕೈಪಿಡಿಯ ಮಾತೇ ಕೇಳಿ.

ಊರಲ್ಲಿ ಕೋವಿ ಹಿಡಿದು ಅಭ್ಯಾಸ ಇದೆ. ಇದರಲ್ಲಿ ಹೊಸದಾಗಿ ಕಲಿಯುವುದೇನಿದೆ?

ತುಂಬಾ ಇದೆ. ನಮ್ಮ ಮನೆಗಳಲ್ಲಿ ಇರುತ್ತಿದ್ದದ್ದು ಒಂಟಿ ನಳಿಗೆಯ ಅಥವಾ ಜೋಡು ನಳಿಗೆಯ ಕೋವಿ. ಅದನ್ನು ಮಡಚಿದರೆ ಸಾಕು, ತೋಟಾ ಇದೆಯೋ ಇಲ್ಲವೋ ಎದುರಿಗೇ ಕಾಣುತ್ತದೆ. ನಳಿಗೆಯೊಳಗೆ ಬೆಳಕು ಕಂಡರೆ ಖಾಲಿ. ಮಡಚಿ ತೋಳಿನ ಮೇಲೆ ಹಾಕಿಕೊಂಡು ನಡೆದರೆ ಪಕ್ಕದಲ್ಲಿರುವವನಿಗೂ ಅದು ಗೊತ್ತಾಗುತ್ತದೆ.

ಸೆಮಿ-ಆಟೊಮ್ಯಾಟಿಕ್ ರೈಫಲ್ ಹೊಟ್ಟೆಯಲ್ಲಿರುವುದನ್ನು ಬಾಯಿಬಿಟ್ಟು ಹೇಳುವುದಿಲ್ಲ. ನಳಿಗೆಯ ಹಿಂತುದಿಯಲ್ಲಿ ತೋಟಾ ಕೂರುವ ಗೂಡೇ ಚೇಂಬರ್. ಅದನ್ನು ಬೋಲ್ಟ್ ಎಂಬ, ಹಿಂದೆ ಮುಂದೆ ಸರಿಯುವ ಲೋಹದ ತುಂಡು ಮುಚ್ಚಿಕೊಂಡಿರುತ್ತದೆ. ಮ್ಯಾಗಜೀನ್ (ಮುಂದಿನ ತೋಟಾಗಳನ್ನು ಇಟ್ಟುಕೊಳ್ಳುವ ಡಬ್ಬಿ) ತೆಗೆದ ಮಾತ್ರಕ್ಕೆ ರೈಫಲ್ ಖಾಲಿ ಆಗುವುದಿಲ್ಲ, ಚೇಂಬರ್‌ನಲ್ಲಿ ಒಂದು ಉಳಿದಿರಬಹುದು. ಒಂದು ಗುಂಡು ಹಾರಿದ ಕೂಡಲೇ ಅದು ತಾನಾಗಿಯೇ ಮುಂದಿನ ತೋಟಾವನ್ನು ಕೂರಿಸಿಕೊಳ್ಳುತ್ತದೆ. ಅಂದರೆ ಹೊಡೆದು ಮುಗಿದ ಮೇಲೂ ನಿಮ್ಮ ಕೈಯಲ್ಲಿರುವುದು ತುಂಬಿದ ಬಂದೂಕು. ಜಿಂಕೆ ಬಿದ್ದ ಖುಷಿಯಲ್ಲಿ ಜನ ಮರೆಯುವುದು ಇದನ್ನೇ.

ಇಷ್ಟಕ್ಕೂ ಸದ್ದು ಎಲ್ಲಿಂದ ಬರುತ್ತದೆ?

ಬೋಲ್ಟ್ ಹಿಂದೆ ಬಲವಾದ ಸ್ಪ್ರಿಂಗ್ ಇದೆ. ಬೋಲ್ಟ್ ಎಳೆಯುವ ಹಿಡಿಯನ್ನು ಹಿಂದಕ್ಕೆಳೆದು ಬಿಟ್ಟರೆ ಬೋಲ್ಟ್ ಮುಂದಕ್ಕೆ ಚಿಮ್ಮುತ್ತದೆ, ಮ್ಯಾಗಜೀನ್‌ನ ಮೇಲಿನ ತೋಟಾವನ್ನು ತಳ್ಳಿಕೊಂಡು ಹೋಗಿ ಚೇಂಬರ್‌ಗೆ ಹಾಕುತ್ತದೆ, ಆಮೇಲೆ ತಿರುಗಿ ಬೀಗ ಹಾಕಿಕೊಳ್ಳುತ್ತದೆ. ಕಬ್ಬಿಣಕ್ಕೆ ಕಬ್ಬಿಣ ಬಡಿದ ಆ 'ಠಣ್' ಸದ್ದು ಗಾಳಿ ಇಲ್ಲದ ಬೆಳಗಿನಲ್ಲಿ ಬಹಳ ದೂರ ಹೋಗುತ್ತದೆ. ಇಲ್ಲಿನ ಬಿಳಿಬಾಲದ ಜಿಂಕೆಗೆ ನಮಗೆ ಕೇಳದಷ್ಟು ಕೀರಲು ಸದ್ದೂ ಕೇಳುತ್ತದೆ. ಕಡ್ಡಿ ಮುರಿದರೆ ಅದು ಒಮ್ಮೆ ತಲೆ ಎತ್ತಿ ನೋಡಿ ಮತ್ತೆ ಮೇಯಬಹುದು, ಕಾಡಿನಲ್ಲಿ ಕಡ್ಡಿ ಮುರಿಯುತ್ತಲೇ ಇರುತ್ತವೆ. ಲೋಹದ ಸದ್ದು ಹಾಗಲ್ಲ. ಅದು ಮನುಷ್ಯನ ಸದ್ದು.

ಬೋಲ್ಟ್ ಒಂದೇ ಅಲ್ಲ. ಮ್ಯಾಗಜೀನ್ ಕೂರುವಾಗಿನ 'ಕ್ಲಿಕ್', ಸೇಫ್ಟಿಯ (ಟ್ರಿಗರ್ ಕೆಲಸ ಮಾಡದಂತೆ ತಡೆಯುವ ಗುಂಡಿ) 'ಟಿಕ್', ಎಆರ್ (ಎಆರ್-15 ಥರದ ರೈಫಲ್) ಮಾದರಿಯಲ್ಲಿ ಪಕ್ಕದ ಧೂಳುಮುಚ್ಚಳ ತೆರೆದುಕೊಳ್ಳುವ ಸದ್ದು, ಬೆಲ್ಟಿನ ಕೊಂಡಿ ತಾಗುವ ಸದ್ದು ಎಲ್ಲವೂ ಸೇರುತ್ತವೆ.

ಹಾಗಾದರೆ ಸದ್ದಿಲ್ಲದೆ ತೋಟಾ ಕೂರಿಸುವುದು ಹೇಗೆ?

ಕೈಚಳಕಕ್ಕಿಂತ ಇಲ್ಲಿ ಹೊತ್ತು ಮುಖ್ಯ. ಜಿಂಕೆ ಬಂದ ಮೇಲೆ ಸದ್ದಿಲ್ಲದೆ ಕೂರಿಸುವ ವಿದ್ಯೆಯನ್ನು ಎಲ್ಲರೂ ಕೇಳುತ್ತಾರೆ. ಜಿಂಕೆ ಬರುವ ಮೊದಲೇ ಕೂರಿಸಿ ಸುಮ್ನೆ ಕೂತಿದ್ದರೆ ಆ ವಿದ್ಯೆ ಬೇಕಾಗುವುದೇ ಇಲ್ಲ.

ನಾನು ಮಾಡುವುದು ಹೀಗೆ. ಕತ್ತಲಿರುವಾಗಲೇ ಜಾಗಕ್ಕೆ ಹೋಗುತ್ತೇನೆ. ಹೇಗೂ ಎಲೆ ತುಳಿದು, ಮರ ಹತ್ತಿ, ಚೀಲ ಇಟ್ಟು ಸದ್ದು ಮಾಡಿರುತ್ತೇನಲ್ಲ, ಆ ಗಲಾಟೆಯಲ್ಲೇ ಮ್ಯಾಗಜೀನ್ ಕೂರಿಸಿಬಿಡುತ್ತೇನೆ. ಚೇಂಬರ್ ಖಾಲಿಯೇ ಇರುತ್ತದೆ. ಆಮೇಲೆ ಗಡಿಯಾರ ನೋಡಿಕೊಂಡು ಕಾಯುತ್ತೇನೆ. ಇಲ್ಲಿ ಬೇಟೆಯ ಹೊತ್ತು ಸೂರ್ಯ ಹುಟ್ಟುವ ಅರ್ಧ ಗಂಟೆ ಮೊದಲು ಶುರು. ಆ ನಿಮಿಷ ಬಂದಾಗ ಇನ್ನೂ ಮಸುಕು ಮಸುಕು. ಆಗ ನಳಿಗೆಯನ್ನು ಯಾರೂ ಇರಲಾರದ ದಿಕ್ಕಿಗೆ, ಸಾಮಾನ್ಯವಾಗಿ ಎದುರಿನ ನೆಲಕ್ಕೆ ತೋರಿಸಿ, ಬೆರಳನ್ನು ಟ್ರಿಗರ್ ಗಾರ್ಡಿನ ಹೊರಗಿಟ್ಟು, ತೋಟಾ ಕೂರಿಸುತ್ತೇನೆ. ಸದ್ದು ಆದರೆ ಆಗಲಿ. ಸ್ವಲ್ಪ ಹೊತ್ತು ಅಲ್ಲಾಡದೆ ಕೂತರೆ ಕಾಡು ಮತ್ತೆ ತನ್ನ ಪಾಡಿಗೆ ತಾನಾಗುತ್ತದೆ. ಹಕ್ಕಿ ಕೂಗತೊಡಗಿದರೆ ಎಲ್ಲ ಸರಿಹೋಯಿತು ಅಂತ ಲೆಕ್ಕ.

ಬೇಟೆಯ ಹೊತ್ತು ಶುರುವಾಗುವ ಮೊದಲೇ ಚೇಂಬರ್ ತುಂಬಬಾರದು ಎಂಬ ನಿಯಮ ಕೆಲವು ರಾಜ್ಯಗಳಲ್ಲಿದೆ. ಅದಕ್ಕೇ ಗಡಿಯಾರದ ಮಾತು ಹೇಳಿದೆ.

ಹೊತ್ತು ಮೀರಿ ತಡವಾಗಿ ಹೋಗಿದ್ದರೆ ಕಾಡಿನ ಸದ್ದನ್ನೇ ಮರೆ ಮಾಡಿಕೊಳ್ಳಿ. ಜೋರಾಗಿ ಗಾಳಿ ಬೀಸಿದಾಗ, ದೂರದ ಹೆದ್ದಾರಿಯಲ್ಲಿ ಟ್ರಕ್ ಹೋದಾಗ, ಇನ್ಯಾರೋ ಎಲ್ಲೋ ಗುಂಡು ಹಾರಿಸಿದಾಗ ಕೆಲಸ ಮುಗಿಸಿ.

ಬೋಲ್ಟನ್ನು ಕೈಯಲ್ಲೇ ಹಿಡಿದು ನಿಧಾನವಾಗಿ ಮುಂದಕ್ಕೆ ಬಿಡಬಹುದಾ?

ಎಲ್ಲರೂ ಮೊದಲು ಕೇಳುವ ಪ್ರಶ್ನೆ ಇದೇ. ಉತ್ತರ: ನಿಮ್ಮ ರೈಫಲ್ ಕೈಪಿಡಿ ಬೇಡ ಎನ್ನದಿದ್ದರೆ ಬಿಡಬಹುದು. ಆದರೆ ಬೋಲ್ಟ್ ಪೂರ್ತಿ ಮುಚ್ಚಿ ಬೀಗ ಬಿದ್ದಿದೆ ಎಂದು ಖಾತ್ರಿ ಮಾಡಿಕೊಳ್ಳಲು ಬರುತ್ತದೆ ಎಂದಾದರೆ ಮಾತ್ರ.

ಈ ಯಂತ್ರ ಸ್ಪ್ರಿಂಗಿನ ಪೂರ್ತಿ ರಭಸವನ್ನು ನಂಬಿಕೊಂಡು ಮಾಡಿದ್ದು. ಮ್ಯಾಗಜೀನ್‌ನಿಂದ ತೋಟಾ ಎಳೆಯಲು ಒಂದಿಷ್ಟು ಬಲ ಬೇಕು. ತೋಟಾದ ಬುಡದ ಅಂಚಿಗೆ ಕೊಕ್ಕೆ ಹಾರಿ ಕೂರಲು ಬಲ ಬೇಕು. ಬೋಲ್ಟ್ ತಿರುಗಿ ಬೀಗ ಹಾಕಿಕೊಳ್ಳಲೂ ಬೇಕು. ನೀವು ಕೈಯಲ್ಲಿ ತಡೆದು ತಡೆದು ಬಿಟ್ಟರೆ ಕೊನೆಯ ಕಾಲಿಂಚಿನಲ್ಲಿ ಅದು ನಿಂತುಬಿಡಬಹುದು. ನೋಡಲು ಮುಚ್ಚಿದಂತೆಯೇ ಕಾಣುತ್ತದೆ.

ನನ್ನ ಮೊದಲ ವರ್ಷ ಇದೇ ಆಯಿತು. ಜಿಂಕೆ ಅರವತ್ತು ಗಜದಲ್ಲಿ ಅಡ್ಡಲಾಗಿ ನಿಂತಿತ್ತು. ಉಸಿರು ಹಿಡಿದು ಟ್ರಿಗರ್ ಒತ್ತಿದೆ. ಏನೂ ಆಗಲಿಲ್ಲ. ನೋಡಿದರೆ ಬೋಲ್ಟ್ ಬೆರಳಿನ ಉಗುರಿನಷ್ಟು ಹಿಂದೆ ನಿಂತಿದೆ. ಬೆಳಗ್ಗೆ ಎಷ್ಟು ಮೆಲ್ಲಗೆ ಬಿಟ್ಟೆ ಅಂತ ನನಗೇ ಹೆಮ್ಮೆಯಾಗಿತ್ತು ಬೇರೆ! ಅದನ್ನು ಮುಂದಕ್ಕೆ ತಳ್ಳುವಷ್ಟರಲ್ಲಿ ಬಿಳಿ ಬಾಲ ಎತ್ತಿಕೊಂಡು ಹೋಗಿಯೇ ಬಿಟ್ಟಿತು.

ಆದ್ದರಿಂದ ಈಗ ಅರ್ಧ ಮಾತ್ರ ಹಿಡಿಯುತ್ತೇನೆ. ಹಿಡಿಯನ್ನು ಪೂರ್ತಿ ಹಿಂದಕ್ಕೆಳೆದು, ಬೋಲ್ಟ್ ತೋಟಾಕ್ಕೆ ತಾಗುವವರೆಗೆ ಕೈಯಲ್ಲೇ ತಂದು, ಅಲ್ಲಿಂದ ಮುಂದೆ ಸ್ಪ್ರಿಂಗಿಗೆ ಬಿಡುತ್ತೇನೆ. ಓಟ ಕಡಿಮೆಯಾದ್ದರಿಂದ ಬಡಿತವೂ ಕಡಿಮೆ. ಆಮೇಲೆ ಅಂಗೈಯಿಂದ ಹಿಡಿಯನ್ನು ಮುಂದಕ್ಕೆ ಒತ್ತಿ ನೋಡುತ್ತೇನೆ. ಇದನ್ನು ನಿಮ್ಮ ರೈಫಲ್‌ನಲ್ಲಿ ಮೊದಲು ಶೂಟಿಂಗ್ ರೇಂಜ್‌ನಲ್ಲಿ ಹತ್ತಾರು ಸಲ ಮಾಡಿ ನೋಡಿ. ಕೆಲವು ರೈಫಲ್ ಇದಕ್ಕೆ ಒಪ್ಪುತ್ತವೆ, ಕೆಲವು ಒಪ್ಪುವುದಿಲ್ಲ. ಒಪ್ಪದಿದ್ದರೆ ಹಟ ಬೇಡ, ಪೂರ್ತಿ ಬಿಟ್ಟುಬಿಡಿ. ಸದ್ದಾದರೂ ಬೀಗ ಬಿದ್ದ ರೈಫಲ್ ಬೇಕು.

ಮುಂದಕ್ಕೆ ಒತ್ತುವುದು ಎಲ್ಲ ರೈಫಲ್‌ನಲ್ಲೂ ಒಂದೇ ಥರ ಅಲ್ವಾ?

ಅಲ್ಲ. ಬ್ರೌನಿಂಗ್ ಬಿಎಆರ್, ರೆಮಿಂಗ್ಟನ್ 742, ರೂಗರ್ ಮಿನಿ-14 ಇವುಗಳಲ್ಲಿ ಹಿಡಿ ಬೋಲ್ಟಿನ ಜೊತೆಗೇ ಓಡಾಡುತ್ತದೆ. ಹಿಡಿ ತಳ್ಳಿದರೆ ಬೋಲ್ಟೂ ಮುಂದೆ ಹೋಗುತ್ತದೆ, ಸುಲಭ. 742 ಬಂದದ್ದು 1960ರಲ್ಲಿ, ಬೇಟೆಗೆಂದೇ ಮಾಡಿದ ಬಿಎಆರ್ ಬಂದದ್ದು 1967ರಲ್ಲಿ. ಇಲ್ಲಿನ ಹಳೆಯ ಬೇಟೆಗಾರರ ಮನೆಗಳಲ್ಲಿ ಈ ಎರಡು ಇವತ್ತಿಗೂ ಸಿಗುತ್ತವೆ.

ಎಆರ್ ಮಾದರಿ ಬೇರೆ. ಅದರ ಹಿಂಬದಿಯ ಹಿಡಿ ಬೋಲ್ಟನ್ನು ಹಿಂದಕ್ಕೆ ಎಳೆಯುತ್ತದೆ ಅಷ್ಟೆ, ಮುಂದಕ್ಕೆ ತಳ್ಳುವುದಿಲ್ಲ. ಅದಕ್ಕಾಗಿ ಬಲಬದಿಯಲ್ಲಿ ಫಾರ್ವರ್ಡ್ ಅಸಿಸ್ಟ್ ಎಂಬ ಗುಂಡಿ ಇದೆ. ಅದನ್ನು ಹೆಬ್ಬೆರಳಿನಿಂದ ಗಟ್ಟಿಯಾಗಿ, ನಿಧಾನವಾಗಿ ಒತ್ತಿ. ಸಿನಿಮಾದಲ್ಲಿ ಮಾಡಿದ ಹಾಗೆ ಅಂಗೈಯಿಂದ ಬಡಿಯಬೇಡಿ, ಸದ್ದು ತಪ್ಪಿಸಲು ಹೊರಟು ಇನ್ನೊಂದು ಸದ್ದು ಮಾಡಿದಂತಾಗುತ್ತದೆ. ಈ ಗುಂಡಿ ಇಲ್ಲದ ಎಆರ್‌ಗಳೂ ಇವೆ, ಕೊಳ್ಳುವ ಮುಂಚೆ ನೋಡಿಕೊಳ್ಳಿ.

ಸುಲಭಕ್ಕೆ ಮುಂದೆ ಹೋಗುತ್ತಿಲ್ಲ ಎಂದರೆ ಯಾವ ರೈಫಲ್ ಆದರೂ ಬಲ ಹಾಕಬೇಡಿ. ತೋಟಾ ಬಾಗಿರಬಹುದು, ಕಸ ಸಿಕ್ಕಿರಬಹುದು. ಮ್ಯಾಗಜೀನ್ ತೆಗೆದು, ಆ ತೋಟಾವನ್ನು ಹೊರಹಾಕಿ ನೋಡಿ.

ತೋಟಾ ಒಳಗೆ ಹೋಗಿದೆಯೋ ಇಲ್ಲವೋ ಎಂದು ಸದ್ದಿಲ್ಲದೆ ತಿಳಿಯುವುದು ಹೇಗೆ?

ಬೋಲ್ಟನ್ನು ಸ್ವಲ್ಪ ಹಿಂದಕ್ಕೆಳೆದು ಹಿತ್ತಾಳೆ ಕಾಣುತ್ತದಾ ಎಂದು ನೋಡುವ ಅಭ್ಯಾಸ ಹಲವರಿಗಿದೆ. ನನಗೆ ಇಷ್ಟವಿಲ್ಲ. ಸರಿಯಾಗಿ ಬೀಗ ಬಿದ್ದಿದ್ದನ್ನು ನೀವೇ ಕೆಡಿಸಿ, ಮತ್ತೆ ಸರಿಯಾಗಿ ಮುಚ್ಚದೆ ಬಿಡುವ ಸಾಧ್ಯತೆ ಇದೆ.

ಎರಡು ಸಾಲಿನ ಮ್ಯಾಗಜೀನ್ ಆದರೆ ಒಳ್ಳೆಯ ಉಪಾಯ ಇದೆ. ಹಾಕುವ ಮೊದಲು ಮೇಲಿನ ತೋಟಾ ಎಡಕ್ಕಿದೆಯೋ ಬಲಕ್ಕಿದೆಯೋ ನೋಡಿಕೊಳ್ಳಿ. ಕೂರಿಸಿದ ಮೇಲೆ ಮ್ಯಾಗಜೀನ್ ತೆಗೆದು ಬೆರಳಾಡಿಸಿ. ಬಲಕ್ಕಿದ್ದದ್ದು ಈಗ ಎಡಕ್ಕಿದ್ದರೆ ಒಂದು ಒಳಗೆ ಹೋಗಿದೆ. ಕತ್ತಲಲ್ಲೂ ಗೊತ್ತಾಗುತ್ತದೆ. ಆಮೇಲೆ ಮ್ಯಾಗಜೀನ್ ವಾಪಸ್ ಹಾಕಿ, ಕೆಳಕ್ಕೆ ಜಗ್ಗಿ ಗಟ್ಟಿಯಾಗಿದೆಯಾ ನೋಡಿ. ಮೆಲ್ಲಗೆ ಹಾಕುವ ಭರದಲ್ಲಿ ಅರ್ಧ ಕೂತ ಮ್ಯಾಗಜೀನ್ ಮರದ ಮೇಲಿಂದ ಕೆಳಗೆ ಬಿದ್ದರೆ ಯಾವ ಬೋಲ್ಟೂ ಮಾಡದಷ್ಟು ಸದ್ದಾಗುತ್ತದೆ.

ಬೋಲ್ಟ್ ಮುಂದೆ ಹೋಗುವಾಗ ತಾನಾಗಿ ಗುಂಡು ಹಾರಬಹುದಾ?

ತೀರಾ ಅಪರೂಪ. ಆದರೆ ಆಗುವುದೇ ಇಲ್ಲ ಎನ್ನುವಂತಿಲ್ಲ. ಎಆರ್‌ನಂಥ ಕೆಲವು ರೈಫಲ್‌ಗಳಲ್ಲಿ ತೋಟಾದ ಬುಡಕ್ಕೆ ಬಡಿಯುವ ಫೈರಿಂಗ್ ಪಿನ್ ಹಿಡಿದಿಡಲು ಸ್ಪ್ರಿಂಗ್ ಇರುವುದಿಲ್ಲ. ಬೋಲ್ಟ್ ಬಡಿದಾಗ ಪಿನ್ ತನ್ನ ಓಟದಲ್ಲೇ ಮುಂದೆ ಹೋಗಿ ತೋಟಾದ ಬುಡದಲ್ಲಿ ಕಿಡಿ ಹುಟ್ಟಿಸುವ ಪ್ರೈಮರ್‌ಗೆ ಮೆಲ್ಲಗೆ ತಾಗುತ್ತದೆ. ಹೊರತೆಗೆದು ನೋಡಿದರೆ ಪ್ರೈಮರ್ ಮೇಲೆ ಸಣ್ಣ ಚುಕ್ಕಿ ಕಾಣಿಸುತ್ತದೆ. ಸಾಮಾನ್ಯವಾಗಿ ಅಷ್ಟಕ್ಕೇ ನಿಲ್ಲುತ್ತದೆ. ಪ್ರೈಮರ್ ತೀರಾ ಮೆದುವಾಗಿದ್ದರೆ, ಅಥವಾ ಪಿನ್ ಕೊಳೆ ತುಂಬಿ ಸಿಕ್ಕಿಕೊಂಡಿದ್ದರೆ ಹಾರಿಬಿಡಬಹುದು. ಇಲ್ಲಿ ಸೇಫ್ಟಿ ಉಪಯೋಗಕ್ಕೆ ಬರುವುದಿಲ್ಲ, ಯಾಕೆಂದರೆ ಟ್ರಿಗರ್‌ಗೂ ಇದಕ್ಕೂ ಸಂಬಂಧವೇ ಇಲ್ಲ. ನಳಿಗೆ ಎತ್ತ ನೋಡುತ್ತಿತ್ತು ಎನ್ನುವುದೊಂದೇ ಆಗ ನಿಮ್ಮನ್ನು ಕಾಯುವುದು. ಬೋಲ್ಟ್ ಬಿಡುವಾಗ ನನ್ನ ಕಣ್ಣು ನಳಿಗೆಯ ತುದಿಯ ಮೇಲಿರುತ್ತದೆ, ಬೋಲ್ಟಿನ ಮೇಲಲ್ಲ.

ಟ್ರೀ ಸ್ಟ್ಯಾಂಡ್ (ಮರದ ಮೇಲಿನ ಅಟ್ಟಣೆ) ಹತ್ತುವಾಗ?

ನಮ್ಮ ಮಲೆನಾಡಿನವರು ಮರಸು ಕೂರುವುದು ಎನ್ನುತ್ತಿದ್ದರಲ್ಲ, ಇದೂ ಅದೇ. ಆದರೆ ಇಲ್ಲಿ ಶಿಸ್ತು ಜಾಸ್ತಿ. ರೈಫಲ್ ಹೆಗಲಿಗೆ ಹಾಕಿಕೊಂಡು ಏಣಿ ಹತ್ತಬಾರದು. ಪೂರ್ತಿ ಖಾಲಿ ಮಾಡಿ, ಹಗ್ಗಕ್ಕೆ ಕಟ್ಟಿ ಕೆಳಗೆ ಬಿಡಿ. ನಳಿಗೆ ನೆಲದ ಕಡೆಗಿರಲಿ, ಆದರೆ ತುದಿ ಮಣ್ಣಿಗೆ ಊರದಿರಲಿ. ಹಗ್ಗ ಟ್ರಿಗರ್ ಹತ್ತಿರ ಸುಳಿಯಬಾರದು. ನೀವು ಹತ್ತಿ, ಮೈಗೆ ಹಾಕಿದ ಹಾರ್ನೆಸ್ ಮರಕ್ಕೆ ಸಿಕ್ಕಿಸಿ, ಭದ್ರವಾಗಿ ಕೂತ ಮೇಲೆ ಮೇಲಕ್ಕೆ ಎಳೆದುಕೊಳ್ಳಿ. ನಳಿಗೆಯಲ್ಲಿ ಮಣ್ಣು, ಹಿಮ ಹೋಗಿಲ್ಲ ಎಂದು ನೋಡಿ ಆಮೇಲೆ ಮ್ಯಾಗಜೀನ್ ಹಾಕಿ. ನಳಿಗೆಯೊಳಗೆ ಏನಾದರೂ ಸಿಕ್ಕಿ ಮುಚ್ಚಿಹೋಗಿದ್ದಾಗ ಹೊಡೆದರೆ ಅದು ಸಿಡಿಯಬಹುದು. ಇಳಿಯುವಾಗ ಇದೇ ಕ್ರಮ ತಿರುವುಮುರುವು.

ನಡೆದು ಬೇಟೆಯಾಡುವವರು ಏನು ಮಾಡಬೇಕು?

ಜೊತೆಯಲ್ಲಿ ಇನ್ನೊಬ್ಬರಿದ್ದರೆ ಚೇಂಬರ್ ಖಾಲಿ ಇರಲಿ. ಇದು ನನ್ನ ಅಭಿಪ್ರಾಯ, ಒಪ್ಪದವರು ಇದ್ದಾರೆ. ಬೇಲಿ, ಹಳ್ಳ, ಬಿದ್ದ ಮರ, ಜಾರುವ ದಿಬ್ಬ ಸಿಕ್ಕಿದಾಗ ಖಾಲಿ ಮಾಡಬೇಕು ಎನ್ನುವುದು ಮಾತ್ರ ಅಭಿಪ್ರಾಯವಲ್ಲ, ಪಾಠವೇ ಅದು. ಜಿಂಕೆ ಕಂಡ ಮೇಲೆ ತೋಟಾ ಕೂರಿಸಬೇಕಾಗಿ ಬಂದರೆ ಅದರ ತಲೆ ಮರದ ಹಿಂದೆ ಮರೆಯಾಗುವವರೆಗೆ ಕಾಯಿರಿ. ಸದ್ದಿಗೆ ಬೆದರಿ ಓಡಿದರೆ ಓಡಲಿ ಬಿಡಿ.

ಸೇಫ್ಟಿಯ 'ಟಿಕ್' ಸದ್ದಿಗೇ ಜಿಂಕೆ ಓಡಿದೆ. ಏನು ಮಾಡಲಿ?

ಅಡ್ಡಗುಂಡಿಯ ಸೇಫ್ಟಿ ಆದರೆ ಹೆಬ್ಬೆರಳು ಒಂದು ಕಡೆ, ತೋರುಬೆರಳು ಇನ್ನೊಂದು ಕಡೆ ಇಟ್ಟು ಎರಡೂ ಬದಿ ಒತ್ತಿ ಹಿಡಿಯಿರಿ. ಒಂದು ಬೆರಳು ಸಡಿಲಿಸುತ್ತಾ ಇನ್ನೊಂದರಿಂದ ತಳ್ಳಿದರೆ ಸದ್ದಿಲ್ಲದೆ ಜಾರುತ್ತದೆ. ಎಆರ್‌ನ ಸೇಫ್ಟಿ ಸನ್ನೆಗೋಲನ್ನೂ ಹೀಗೇ ಎರಡು ಬೆರಳಲ್ಲಿ ಹಿಡಿದು ತಿರುಗಿಸಬಹುದು. ಮನೆಯಲ್ಲಿ ಖಾಲಿ ರೈಫಲ್‌ನಲ್ಲಿ, ಕೈಗವಸು ಹಾಕಿಕೊಂಡೇ ಅಭ್ಯಾಸ ಮಾಡಿ. ಬರಿಗೈಯಲ್ಲಿ ಬಂದದ್ದು ಗವಸಿನಲ್ಲಿ ಬರುವುದಿಲ್ಲ.

'ಟಿಕ್' ತಪ್ಪಿಸಲು ಸೇಫ್ಟಿಯನ್ನು ಮೊದಲೇ ತೆಗೆದು ಕೂರುವವರೂ ಇದ್ದಾರೆ. ಅಂಥವರ ಜೊತೆ ನಾನು ಕಾಡಿಗೆ ಹೋಗುವುದಿಲ್ಲ.

ಚಳಿಯಲ್ಲಿ ಬೋಲ್ಟ್ ಮಂದವಾಗುತ್ತದೆ ಯಾಕೆ?

ಎಣ್ಣೆ. ನವೆಂಬರ್ ಮುಂಜಾನೆ ಇಲ್ಲಿ ನೀರು ಹೆಪ್ಪುಗಟ್ಟುವ ಚಳಿ. ದಪ್ಪ ಎಣ್ಣೆ ಜೇನಿನಂತೆ ಗಟ್ಟಿಯಾಗುತ್ತದೆ. ಅಂಥ ದಿನ ಬೋಲ್ಟನ್ನು ಕೈಯಲ್ಲಿ ತಡೆದು ಬಿಟ್ಟರೆ ಅರ್ಧಕ್ಕೇ ನಿಲ್ಲುವುದು ಖಂಡಿತ. ಹಳೆಯ ಎಣ್ಣೆ ಒರೆಸಿ, ಚಳಿಗೆಂದೇ ಬರುವ ತೆಳು ಎಣ್ಣೆಯನ್ನು ಲೇಪದಷ್ಟೇ ಹಚ್ಚಿ. ಇನ್ನೊಂದು ಮಾತು: ಹೊರಗಿನ ಚಳಿಯಿಂದ ರೈಫಲನ್ನು ಬೆಚ್ಚಗಿನ ಕೋಣೆಗೆ ತಂದರೆ ಅದು ಬೆವರುತ್ತದೆ. ಒರೆಸದೆ ಮತ್ತೆ ಹೊರಗೆ ಒಯ್ದರೆ ಆ ಬೆವರೇ ಒಳಗೆ ಮಂಜುಗಡ್ಡೆ.

ಟ್ರಿಗರ್ ಒತ್ತಿದೆ, ಬರೀ 'ಕ್ಲಿಕ್' ಎಂದಿತು. ಈಗ?

ಅಲುಗಾಡಬೇಡಿ. ನಳಿಗೆ ಸುರಕ್ಷಿತ ದಿಕ್ಕಿಗೇ ಇರಲಿ. ತೋಟಾ ತಡವಾಗಿ ಹೊತ್ತಿಕೊಳ್ಳಬಹುದು, ಆದ್ದರಿಂದ ಕನಿಷ್ಠ 30 ಸೆಕೆಂಡ್ ಕಾಯಿರಿ. ಆಮೇಲೆ ಮ್ಯಾಗಜೀನ್ ತೆಗೆದು, ಮುಖ ಪಕ್ಕಕ್ಕಿಟ್ಟುಕೊಂಡು ಅದನ್ನು ಹೊರಹಾಕಿ. ಆ ತೋಟಾ ಮತ್ತೆ ಬಳಸಬೇಡಿ.

ಸೆಮಿ-ಆಟೊಮ್ಯಾಟಿಕ್ ಎಲ್ಲ ಕಡೆ ನಡೆಯುತ್ತದಾ?

ಇಲ್ಲ. ಪೆನ್ಸಿಲ್ವೇನಿಯಾ 2017ರಲ್ಲಿ ಸಣ್ಣ ಪ್ರಾಣಿಗಳಿಗೆ ಸೆಮಿ-ಆಟೊಮ್ಯಾಟಿಕ್ ರೈಫಲ್ ಒಪ್ಪಿತು, ಜಿಂಕೆಗೆ ಒಪ್ಪಲಿಲ್ಲ. ಮಿಶಿಗನ್‌ನಲ್ಲಿ ಚೇಂಬರ್ ಮತ್ತು ಮ್ಯಾಗಜೀನ್ ಎರಡೂ ಸೇರಿ ಆರಕ್ಕಿಂತ ಹೆಚ್ಚು ತೋಟಾ ಹಿಡಿಯುವಂತಿಲ್ಲ. ನ್ಯೂಯಾರ್ಕ್‌ನಲ್ಲೂ ಆರರ ಮಿತಿ ಇದೆ. ಕಾರಿನೊಳಗೆ ತುಂಬಿದ ರೈಫಲ್ ಈ ಎರಡೂ ಕಡೆ ಅಪರಾಧ. ನಿಯಮ ಬದಲಾಗುತ್ತಿರುತ್ತವೆ, ಆ ವರ್ಷದ ಬೇಟೆ ಕೈಪಿಡಿ ಓದಿಯೇ ಹೊರಡಿ. ನಮ್ಮವರು ಎಡವುವುದು ಇಲ್ಲೇ, ಪಕ್ಕದ ರಾಜ್ಯದ ಗೆಳೆಯ ಹೇಳಿದ್ದನ್ನೇ ನಂಬಿ ಬಂದಿರುತ್ತಾರೆ.

ಎಚ್‌ಒನ್‌ಬಿ ವೀಸಾದಲ್ಲಿದ್ದೇನೆ. ನಾನು ರೈಫಲ್ ಮುಟ್ಟಬಹುದಾ?

ಹುಷಾರು. ಅಮೆರಿಕದ ಒಕ್ಕೂಟ ಕಾನೂನಿನ ಪ್ರಕಾರ ತಾತ್ಕಾಲಿಕ ವೀಸಾದಲ್ಲಿರುವವರು ಬಂದೂಕಾಗಲಿ ತೋಟಾ ಆಗಲಿ ಇಟ್ಟುಕೊಳ್ಳುವಂತಿಲ್ಲ. ಅದಕ್ಕೆ ಕೆಲವು ವಿನಾಯಿತಿ ಇವೆ. ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಪರವಾನಗಿ ಇರುವುದು ಅವುಗಳಲ್ಲಿ ಒಂದು. ಪರವಾನಗಿಯ ಅವಧಿ ಮುಗಿದ ಮರುದಿನ ವಿನಾಯಿತಿಯೂ ಮುಗಿಯಿತು. ಗ್ರೀನ್ ಕಾರ್ಡ್ ಇದ್ದವರಿಗೆ ಈ ತೊಡಕಿಲ್ಲ. ಹೊರಡುವ ಮೊದಲು ವಕೀಲರ ಹತ್ತಿರ ಒಮ್ಮೆ ಮಾತಾಡಿ, ವೀಸಾ ವಿಷಯ ತಮಾಷೆಯಲ್ಲ.

ಊರಿಗೆ ಹೋದಾಗ ಕಾಡಿನಲ್ಲಿ ಇದನ್ನು ಪ್ರಯತ್ನಿಸಬಹುದಾ?

ಬೇಡ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಜಿಂಕೆ, ಕಡವೆ, ಕಾಡುಕುರಿ ಬೇಟೆ ಅಪರಾಧ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ (ಅಲ್ಲಿನ ಪಾರಂಪರಿಕ ಜಮೀನು) ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ವಿನಾಯಿತಿ ಇದೆ ನಿಜ. ಅದು ಕೋವಿ ಇಟ್ಟುಕೊಳ್ಳಲು, ಬೇಟೆಯಾಡಲು ಅಲ್ಲ. ಕೈಲ್ ಮುಹೂರ್ತದ ದಿನ ಕೋವಿಗೆ ಹೂವಿಟ್ಟು ಪೂಜೆ ಮಾಡಿ, ತೆಂಗಿನಕಾಯಿಗೆ ಗುರಿ ಹಿಡಿಯಿರಿ.

ಮನೆಯಲ್ಲಿ ಅಭ್ಯಾಸ ಮಾಡುವುದು ಹೇಗೆ?

ಡಮ್ಮಿ ತೋಟಾ ಸಿಗುತ್ತವೆ, ಮದ್ದಿಲ್ಲದ, ಬಣ್ಣದ ಪ್ಲಾಸ್ಟಿಕ್‌ನವು. ಅಸಲಿ ತೋಟಾಗಳನ್ನು ಬೇರೆ ಕೋಣೆಯಲ್ಲಿಟ್ಟು ಬೀಗ ಹಾಕಿ. ಆಮೇಲೆ ಕಣ್ಣು ಮುಚ್ಚಿ ಮ್ಯಾಗಜೀನ್ ಹಾಕಿ, ಬೋಲ್ಟ್ ಬಿಡಿ, ಹಿಡಿ ಒತ್ತಿ, ಸೇಫ್ಟಿ ಮುಟ್ಟಿ ನೋಡಿ. ಮನೆಯವರು ಟಿವಿ ನೋಡುವ ಹೊತ್ತಿಗೆ ಬೇಡ, ಬೈಸಿಕೊಳ್ಳುತ್ತೀರಿ.

ಸಂಜೆ ಖಾಲಿ ಮಾಡುವಾಗ ಯಾವುದು ಮೊದಲು?

ಮ್ಯಾಗಜೀನ್ ಮೊದಲು. ಯಾವಾಗಲೂ. ಅದನ್ನು ಬಿಟ್ಟು ಮೊದಲು ಬೋಲ್ಟ್ ಎಳೆದರೆ ಒಂದು ತೋಟಾ ಹೊರಬೀಳುತ್ತದೆ, ಬೋಲ್ಟ್ ಮುಂದೆ ಹೋಗುವಾಗ ಇನ್ನೊಂದು ಒಳಗೆ ಕೂರುತ್ತದೆ. ಆಮೇಲೆ ಮ್ಯಾಗಜೀನ್ ತೆಗೆದು ಖಾಲಿ ಆಯಿತು ಎಂದುಕೊಳ್ಳುತ್ತೀರಿ. ಮ್ಯಾಗಜೀನ್ ತೆಗೆದು, ಬೋಲ್ಟ್ ಎಳೆದು, ತೆರೆದೇ ಹಿಡಿದು, ಚೇಂಬರ್‌ಗೆ ಟಾರ್ಚ್ ಬಿಟ್ಟು ನೋಡಿ. ಕತ್ತಲಾಗಿದ್ದರೆ ಕಿರುಬೆರಳು ಹಾಕಿಯೂ ನೋಡಿ. ಜೊತೆಗಾರನಿಗೂ ತೋರಿಸಿ.

ಹೊರಬಿದ್ದ ತೋಟಾವನ್ನು ನಾಳೆ ಮತ್ತೆ ಬಳಸಬಹುದಾ?

ಒಂದೆರಡು ಸಲ ಸರಿ. ಅದೇ ತೋಟಾವನ್ನು ಸೀಸನ್ ಪೂರ್ತಿ ದಿನಾ ಬೆಳಗ್ಗೆ ಕೂರಿಸಿ ಸಂಜೆ ತೆಗೆಯುತ್ತಿದ್ದರೆ, ಪ್ರತಿ ಸಲದ ಬಡಿತಕ್ಕೆ ಗುಂಡು ತನ್ನ ಹಿತ್ತಾಳೆ ಗೂಡಿನೊಳಗೆ ಕೂದಲೆಳೆಯಷ್ಟು ಇಳಿಯಬಹುದು. ಹಾಗೆ ಇಳಿದರೆ ಹಾರಿಸುವಾಗ ಒಳಗಿನ ಒತ್ತಡ ಏರುತ್ತದೆ. ಪ್ರೈಮರ್ ಮೇಲಿನ ಚುಕ್ಕಿಯೂ ಸಲಕ್ಕೊಂದು ಬೀಳುತ್ತದೆ. ನಾನು ಅಂಥ ತೋಟಾದ ಮೇಲೆ ಮಾರ್ಕರ್‌ನಲ್ಲಿ ಗೆರೆ ಎಳೆಯುತ್ತೇನೆ. ಪೆಟ್ಟಿಗೆಯ ಹೊಸ ತೋಟಾದ ಪಕ್ಕ ನಿಲ್ಲಿಸಿ ಉದ್ದ ಹೋಲಿಸುತ್ತೇನೆ. ಗಿಡ್ಡ ಕಂಡದ್ದನ್ನು ಬೇರೆ ಡಬ್ಬಿಗೆ ಹಾಕಿ, ಸೀಸನ್ ಮುಗಿದ ಮೇಲೆ ರೇಂಜ್‌ನವರಿಗೆ ಒಪ್ಪಿಸುತ್ತೇನೆ. ಮೂರನೇ ಗೆರೆ ಬಿದ್ದದ್ದನ್ನಂತೂ ಅಳೆಯದೆಯೇ ಆ ಡಬ್ಬಿಗೆ ಹಾಕಿಬಿಡುತ್ತೇನೆ.